ಸೀಳಿನ ಸಾಕ್ಷ್ಯ

ಹುಬ್ಬಳ್ಳಿಯಿಂದ ಹೊರಟು ಲೋಂಡಾ, ಕ್ಯಾಸಲ್‌ರಾಕ್‌ಗಳನ್ನು ಹಾಯ್ದು, ದೂಧಸಾಗರದ ಜಲಪಾತದ ಮಗ್ಗುಲಲ್ಲಿ ಘಟ್ಟವನ್ನಿಳಿದು ವಾಸ್ಕೊ ಪಟ್ಟಣವನ್ನು ಸೇರುವ ರೈಲುದಾರಿಯು ದುಡಿಮೆಯನ್ನು ಅರಸಿ ಹೊರಟ ಎಷ್ಟು ಕನ್ನಡ ಕುಟುಂಬಗಳನ್ನು ಗೋವೆಯ ಕರಾವಳಿಗೆ ತಂದು ಇಳಿಸಿತೆಂಬುದನ್ನು ಅರಿಯಬೇಕೆನ್ನುವವರು, ವಾಸ್ಕೊವಿಗೆ ಸಮೀಪದ ಜುವಾರಿನಗರವೆಂಬ ಜಂಬಿಟ್ಟಿಗೆಯ ಎತ್ತರದ ಬಯಲನ್ನು ನೋಡಬೇಕು. ಅಲ್ಲಿಯ ಗೊಬ್ಬರದ ಕಾರ್ಖಾನೆಯ ಆಸುಪಾಸಿನ ಕೇರಿಗಳಲ್ಲಿ ಉತ್ತರ ಕರ್ನಾಟಕದ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ಅದೇ ಬಯಲಿನ ಮೇಲೆ ಬಿಟ್ಸ್ ಪಿಲಾನಿ ಸಂಸ್ಥೆಯು 2004ರಲ್ಲಿ ಕೆ. ಕೆ. ಬಿರ್ಲಾ ಅವರ ಹೆಸರನ್ನು ಹೊತ್ತ ತನ್ನ ಗೋವಾ ವಿದ್ಯಾಲಯವನ್ನು ಆರಂಭಿಸಿತು. ಅಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದ ರಾಧಿಕಾ ವತ್ಸನ್ ಅವರು ಇಂಗ್ಲಿಷಿನಲ್ಲಿ ರಚಿಸಿದ, ಕ್ವಾಂಟಂ ಭೌತವಿಜ್ಞಾನಕ್ಕೂ ಮಾಹಿತಿ ಸಂಸ್ಕರಣಕ್ಕೂ ಪ್ರವೇಶಿಕೆಯಾಗಿರುವ ಪಠ್ಯಗ್ರಂಥವು 2015ರಲ್ಲಿ ಸಿಆರ್‌ಸಿ ಪ್ರೆಸ್ ಎಂಬ ಪ್ರಕಾಶನದಿಂದ ಹೊರಬಂದಿತು.

ಪಠ್ಯಗ್ರಂಥ ರಚನೆಯು ಸಂಶೋಧನೆಗಿಂತ ಒಂದು ಮೆಟ್ಟಿಲು ಕೆಳಗಿನ ಕಾರ್ಯವೆಂಬ ಅಭಿಪ್ರಾಯವು ವಿದ್ವದ್ವಲಯದಲ್ಲಿ ಇಲ್ಲದಿಲ್ಲ. ನಾನು ಅದನ್ನು ಒಪ್ಪಲಾರೆ. ಭೌತವಿಜ್ಞಾನಿಯೂ ಗಣಿತಜ್ಞನೂ ಎಂಜಿನಿಯರನೂ ಸಮಾನವಾಗಿ ಹಕ್ಕು ಹೇಳುತ್ತಿರುವ ಈ ನೂತನ ವಿದ್ಯೆಯಲ್ಲಿ, ಕ್ವಾಂಟಂ ಸಿದ್ಧಾಂತದ ಗಂಧವೇ ಇಲ್ಲದೆ ಬರುವ ವಿದ್ಯಾರ್ಥಿಯನ್ನು ಕೈಹಿಡಿದು, ಎರಡೇ ಸ್ಥಿತಿಗಳುಳ್ಳ ಅತ್ಯಂತ ಸರಳವಾದ ವ್ಯವಸ್ಥೆಯಿಂದ ಮೊದಲುಮಾಡಿ, ಗಣನವಿಧಾನಗಳ ಮೂಲಕ ನಡೆಸಿಕೊಂಡು, ಮಾಹಿತಿ ಸಿದ್ಧಾಂತದ ಸೂಕ್ಷ್ಮ ಪ್ರಮೇಯಗಳವರೆಗೆ ತಲುಪಿಸುವುದು ಸಾಮಾನ್ಯ ಶ್ರಮವಲ್ಲ. ತಾವು ನಿಂತಿರುವ ನೆಲವನ್ನು ಪುನಃ ಪುನಃ ಅಗೆದು ನೋಡಿದವರಿಗೆ ಮಾತ್ರ ಅದು ಸಾಧ್ಯ. ವತ್ಸನ್ ಅವರು ಹಾಗೆ ಅಗೆದು ನೋಡಿದವರೆಂಬುದಕ್ಕೆ, ಗ್ರಂಥಕ್ಕಿಂತ ಎರಡು ವರ್ಷ ಮೊದಲು, ದೆಹಲಿಯ ಜಾಮಿಯಾ ಮಿಲಿಯಾ ವಿಶ್ವವಿದ್ಯಾಲಯದ ತಬಿಶ್ ಕುರೇಶಿ ಅವರೊಡಗೂಡಿ ‘ಕ್ವಾಂಟಾ’ ಎಂಬ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಎಂಟು ಪುಟಗಳ ಒಂದು ಪ್ರಬಂಧವೇ ಪ್ರಮಾಣ. ಅದರ ವಸ್ತು ಗಣಕಯಂತ್ರವಲ್ಲ; ಐನ್‌ಸ್ಟೈನರಿಗೂ ನೀಲ್ಸ್ ಬೋರರಿಗೂ 1927ರಲ್ಲಿ ಬ್ರಸೆಲ್ಸ್ ನಗರದ ಸಾಲ್ವೆ ಸಮ್ಮೇಳನದ ಕಾಲಕ್ಕೆ ನಡೆದ ಒಂದು ವಾಗ್ವಾದ. ಆದರೂ ಕ್ವಾಂಟಂ ಗಣಕದ ಮರ್ಮವನ್ನು ಸಾಮಾನ್ಯ ಓದುಗರಿಗೆ ತಿಳಿಯಹೇಳಲು ಆ ವಾಗ್ವಾದಕ್ಕಿಂತ ಉತ್ತಮವಾದ ದ್ವಾರವನ್ನು ನಾನು ಕಾಣೆ.

ಒಂದು ಪರದೆಯಲ್ಲಿ ಎರಡು ಕಿರಿದಾದ ಸೀಳುಗಳಿವೆಯೆಂದೂ, ಅವುಗಳತ್ತ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಡುತ್ತಿದ್ದೇವೆಂದೂ, ಪರದೆಯಾಚೆಯ ಫಲಕದ ಮೇಲೆ ಪ್ರತಿಯೊಂದು ಎಲೆಕ್ಟ್ರಾನೂ ಒಂದೊಂದು ಚುಕ್ಕೆಯನ್ನು ಮೂಡಿಸುತ್ತದೆಂದೂ ಭಾವಿಸೋಣ. ಸಾವಿರಾರು ಚುಕ್ಕೆಗಳು ಕೂಡಿದ ಮೇಲೆ ಫಲಕದಲ್ಲಿ ಕಾಣುವುದು ಎರಡು ಗುಪ್ಪೆಗಳಲ್ಲ. ದಟ್ಟವಾಗಿಯೂ ವಿರಳವಾಗಿಯೂ ಒಂದರ ಪಕ್ಕದಲ್ಲೊಂದು ಹಬ್ಬಿದ ಅನೇಕ ಪಟ್ಟೆಗಳು. ದೇವಾಲಯದ ಕಲ್ಯಾಣಿಯ ನಿಶ್ಚಲವಾದ ನೀರಿನಲ್ಲಿ ಎರಡು ಕಡೆ ಏಕಕಾಲಕ್ಕೆ ಕಲ್ಲು ಬಿದ್ದಾಗ ಎರಡೂ ಅಲೆಬಳೆಗಳು ಹರಡಿ, ಉಬ್ಬು ಉಬ್ಬನ್ನು ಸೇರಿದಲ್ಲಿ ನೀರು ಇಮ್ಮಡಿಯಾಗಿ ಏಳುವುದೂ, ಉಬ್ಬು ತಗ್ಗನ್ನು ಸೇರಿದಲ್ಲಿ ನೀರು ಸಮವಾಗಿಯೇ ಉಳಿಯುವುದೂ ಉಂಟಷ್ಟೆ, ಇದನ್ನು ವ್ಯತಿಕರಣವೆನ್ನುತ್ತಾರೆ. ಒಂಟಿಯಾಗಿ ಹೊರಟ ಎಲೆಕ್ಟ್ರಾನು ಕೂಡ ಈ ವ್ಯತಿಕರಣದ ಪಟ್ಟೆಗಳಿಗೆ ಅನುಗುಣವಾಗಿಯೇ ತನ್ನ ಚುಕ್ಕೆಯನ್ನಿಡುತ್ತದೆ. ಅಂದಮೇಲೆ ಅದು ಈ ಸೀಳಿನ ದಾರಿ ಹಿಡಿಯಿತು ಅಥವಾ ಆ ಸೀಳಿನ ದಾರಿ ಹಿಡಿಯಿತು ಎಂದು ಹೇಳುವ ಅವಕಾಶವೇ ಇಲ್ಲ. ಅದರ ಸ್ಥಿತಿ ಎರಡು ಮಾರ್ಗಗಳ ಮೊತ್ತ. ಇದನ್ನೇ ಅಧ್ಯಾರೋಪಣವೆಂದು ಕರೆಯುವುದು.

ಐನ್‌ಸ್ಟೈನರು ಇದಕ್ಕೆ ಒಡ್ಡಿದ ಆಕ್ಷೇಪ ಅತಿ ಸುಂದರವಾದದ್ದು. ಈ ಜೋಡಿಸೀಳಿನ ಮುಂದೆ, ಒಂದೇ ಸೀಳುಳ್ಳ ಇನ್ನೊಂದು ಪರದೆಯನ್ನು ಅಲುಗಾಡಲು ಬರುವಂತೆ ತೂಗಹಾಕಿದರೆ, ಅದನ್ನು ಹಾಯ್ದು ಮೇಲಿನ ಸೀಳಿನತ್ತ ತಿರುಗುವ ಕಣವು ಆ ಪರದೆಯನ್ನು ಕೆಳಕ್ಕೂ, ಕೆಳಗಿನ ಸೀಳಿನತ್ತ ತಿರುಗುವ ಕಣವು ಮೇಲಕ್ಕೂ ತುಸು ಒತ್ತಲೇಬೇಕು. ಆ ಒತ್ತನ್ನು ಅಳೆದರೆ ಕಣದ ದಾರಿಯೂ ತಿಳಿಯುವುದು, ಪಟ್ಟೆಗಳೂ ಉಳಿಯುವುವು. ಹಾಗಾದಲ್ಲಿ, ದಾರಿಯ ಅರಿವೂ ಪಟ್ಟೆಗಳೂ ಒಟ್ಟಿಗೆ ದೊರೆಯಲಾರವೆನ್ನುವ ಬೋರರ ಪೂರಕತ್ವ ತತ್ತ್ವದ ಗತಿಯೇನು? ಬೋರರು ಅನಿಶ್ಚಿತತೆಯ ತತ್ತ್ವದಿಂದ ಉತ್ತರ ಕೊಟ್ಟರು: ಪರದೆಯ ಸಂವೇಗವನ್ನು ಅಷ್ಟು ನಿಖರವಾಗಿ ಅರಿಯಬೇಕಾದರೆ ಅದರ ಸ್ಥಾನವು ಅನಿಶ್ಚಿತವಾಗುತ್ತದೆ, ಸ್ಥಾನ ಅನಿಶ್ಚಿತವಾದರೆ ಪಟ್ಟೆಗಳು ಕಲಸಿಹೋಗುತ್ತವೆ. ಸಭೆ ಒಪ್ಪಿತು, ಪುಸ್ತಕಗಳು ಒಪ್ಪಿದವು.

ಕುರೇಶಿ ಮತ್ತು ವತ್ಸನ್ ಅವರು ತೋರಿಸಿಕೊಟ್ಟ ಸಂಗತಿಯೆಂದರೆ, ಬೋರರ ಉತ್ತರದಲ್ಲಿ ಮುಖ್ಯವಾದ ಒಂದು ಅಂಶ ಸೇರಿರಲಿಲ್ಲ ಎಂಬುದು. ಅಲುಗಾಡುವ ಸೀಳು ಕೂಡ ಕ್ವಾಂಟಂ ನಿಯಮಕ್ಕೆ ಒಳಗಾದ ವಸ್ತುವೇ. ಕಣವು ಅದನ್ನು ಹಾಯ್ದೊಡನೆ ಕಣದ ಸ್ಥಿತಿಯೂ ಸೀಳಿನ ಸ್ಥಿತಿಯೂ ಬೇರ್ಪಡಿಸಲಾಗದಂತೆ ಹೆಣೆದುಕೊಳ್ಳುತ್ತವೆ. ಆ ಹೆಣಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಐನ್‌ಸ್ಟೈನರಿಗೆ ಇನ್ನೂ ಸರಳವಾದ ಉತ್ತರವನ್ನು ಕೊಡಬಹುದು: ಸೀಳು ಎಷ್ಟರಮಟ್ಟಿಗೆ ದಾರಿಯ ಸಾಕ್ಷಿಯಾಗಿದೆಯೋ ಅಷ್ಟರಮಟ್ಟಿಗೆ ಪಟ್ಟೆಗಳು ಮಸುಕಾಗುವುವು, ಯಾರಾದರೂ ಆ ಸಾಕ್ಷ್ಯವನ್ನು ಓದಿದರೇ ಬಿಟ್ಟರೇ ಎಂಬುದು ಅಪ್ರಸ್ತುತ. ಎಂಗ್ಲರ್ಟ್, ಗ್ರೀನ್‌ಬರ್ಗರ್, ಯಾಸಿನ್ ಎಂಬವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಒಂದು ಅಸಮತೆಯನ್ನು ಅವರು ಈ ಹೆಣಿಗೆಯಿಂದಲೇ ಸಾಧಿಸಿ ತೋರಿಸಿದರು. ಪಟ್ಟೆಗಳ ಸ್ಪಷ್ಟತೆಯ ವರ್ಗ, ಮಾರ್ಗಗಳ ಭೇದ ತಿಳಿಯುವಿಕೆಯ ವರ್ಗ, ಇವೆರಡರ ಮೊತ್ತವು ಒಂದನ್ನು ಮೀರಲಾರದು ಎಂಬುದು ಅದರ ತಾತ್ಪರ್ಯ; ಭೇದ ತಿಳಿಯುವಿಕೆ 0.6 ಆದರೆ ಸ್ಪಷ್ಟತೆಯು 0.8ಕ್ಕಿಂತ ಹೆಚ್ಚಿರಲಾರದು. ಅಷ್ಟಕ್ಕೇ ನಿಲ್ಲದೆ, ಸೀಳಿಗೆ ಸಂಬಂಧಿಸಿದ ಕೆಲವು ಪರಿಮಾಣಗಳ ಅನಿಶ್ಚಿತತೆಗಳ ಮೊತ್ತದಿಂದಲೂ ಇದೇ ಅಸಮತೆ ಹೊರಡುತ್ತದೆಂದು ತೋರಿಸಿ, ಬೋರರ ಅನಿಶ್ಚಿತತೆಯೂ ಹೆಣಿಗೆಯೂ ಒಂದೇ ಪ್ರಕ್ರಿಯೆಯ ಎರಡು ಅಂಗಗಳೆಂಬ ನಿರ್ಣಯಕ್ಕೆ ಬಂದರು. ಎಂಬತ್ತಾರು ವರ್ಷ ಹಳೆಯದಾದ ವಾದವೊಂದನ್ನು, ಯಾವ ದುಬಾರಿ ಉಪಕರಣವೂ ಇಲ್ಲದೆ, ಕಾಗದ ಲೇಖನಿಗಳ ಬಲದಿಂದ ಹೀಗೆ ತಿಳಿಗೊಳಿಸಿದ್ದು ಶ್ಲಾಘ್ಯವಾದ ವಿದ್ವತ್ಕಾರ್ಯವೆಂದು ನನ್ನ ನಂಬಿಕೆ.

ಈಗ ಗಣಕದ ಮಾತಿಗೆ ಬರೋಣ. ಸಾಮಾನ್ಯ ಗಣಕಯಂತ್ರದ ಬಿಟ್ ಸೊನ್ನೆಯಾಗಿರುತ್ತದೆ ಅಥವಾ ಒಂದಾಗಿರುತ್ತದೆ. ಕ್ವಾಂಟಂ ಗಣಕದ ಕ್ಯೂಬಿಟ್ ಎಂಬುದು, ಜೋಡಿಸೀಳಿನ ಮುಂದಿನ ಎಲೆಕ್ಟ್ರಾನಿನಂತೆಯೇ, ಸೊನ್ನೆ ಮತ್ತು ಒಂದುಗಳ ಅಧ್ಯಾರೋಪಣದಲ್ಲಿ ಇರಬಲ್ಲದು. ಪ್ರತಿ ಪಾಲಿಗೂ ಒಂದು ಸಂಮಿಶ್ರ ಸಂಖ್ಯೆಯ ತೂಕವಿರುತ್ತದೆ. ಎರಡು ಕ್ಯೂಬಿಟ್‌ಗಳಿಗೆ ನಾಲ್ಕು ತೂಕಗಳು, ಮೂರಕ್ಕೆ ಎಂಟು. ಐವತ್ತು ಕ್ಯೂಬಿಟ್‌ಗಳಾದರೆ ಈ ತೂಕಗಳ ಸಂಖ್ಯೆ ಹನ್ನೊಂದು ಕೋಟಿ ಕೋಟಿಯನ್ನು ಮೀರುತ್ತದೆ. ರಿಚರ್ಡ್ ಫೈನ್‌ಮನ್ ಅವರು 1981ರ ಒಂದು ಉಪನ್ಯಾಸದಲ್ಲಿ, ಪ್ರಕೃತಿಯು ಕ್ವಾಂಟಂ ರೀತಿಯದಾಗಿರುವಾಗ ಅದನ್ನು ಅನುಕರಿಸುವ ಯಂತ್ರವೂ ಅದೇ ರೀತಿಯದಾಗಿರಬೇಕೆಂದು ವಾದಿಸಿದ್ದು ಈ ಸಂಖ್ಯೆಯ ಅಗಾಧತೆಯನ್ನು ಕಂಡೇ. 1985ರಲ್ಲಿ ಡೇವಿಡ್ ಡಾಯ್ಚ್ ಅಂಥ ಯಂತ್ರದ ಗಣಿತಸ್ವರೂಪವನ್ನು ನಿರೂಪಿಸಿದರು.

ಇಲ್ಲಿ ಒಂದು ಅಪಕಲ್ಪನೆಯನ್ನು ನಿವಾರಿಸುವುದು ಅವಶ್ಯ. ಕ್ವಾಂಟಂ ಗಣಕವು ಎಲ್ಲ ಉತ್ತರಗಳನ್ನೂ ಒಮ್ಮೆಗೇ ಪರೀಕ್ಷಿಸಿ ಸರಿಯಾದುದನ್ನು ಎತ್ತಿ ಕೊಡುತ್ತದೆಂದು ಎಷ್ಟೋ ಕಡೆ ಬರೆಯುತ್ತಾರೆ. ಅದು ಹಾಗಲ್ಲ. ಅಷ್ಟು ಕೋಟಿ ತೂಕಗಳಿದ್ದರೂ, ಅಳತೆ ಮಾಡಿದ ಕ್ಷಣದಲ್ಲಿ ನಮಗೆ ದಕ್ಕುವುದು ಐವತ್ತು ಅಂಕೆಗಳ ಒಂದೇ ಒಂದು ಸಾಲು, ಮಿಕ್ಕುದೆಲ್ಲವೂ ಲಯವಾಗುತ್ತದೆ. ಗಣನವಿಧಾನವನ್ನು ರಚಿಸುವವರ ಕೌಶಲವೆಲ್ಲ ಇರುವುದು, ಅಳತೆಗೆ ಮುಂಚೆ ತಪ್ಪು ಉತ್ತರಗಳ ಅಲೆಗಳು ಪರಸ್ಪರ ಅಳಿದು ಸರಿಯಾದ ಉತ್ತರದ ಅಲೆ ಬೆಳೆಯುವಂತೆ ವ್ಯತಿಕರಣವನ್ನು ನಿಯೋಜಿಸುವುದರಲ್ಲಿ. ಪೀಟರ್ ಶೋರ್ 1994ರಲ್ಲಿ ದೊಡ್ಡ ಸಂಖ್ಯೆಗಳನ್ನು ಅಪವರ್ತಿಸಲು ಇಂಥ ಒಂದು ವಿಧಾನವನ್ನು ಕಂಡುಹಿಡಿದುದರಿಂದ ಅಪವರ್ತನದ ಕಷ್ಟವನ್ನೇ ನಂಬಿದ ಗೂಢಲಿಪಿಗಳಿಗೆ ಭಯ ಹುಟ್ಟಿತು. ಭಾರತದಲ್ಲಿ ಹುಟ್ಟಿ ದೆಹಲಿಯ ಐಐಟಿಯಲ್ಲಿ ಓದಿದ ಲವ್ ಗ್ರೋವರ್ 1996ರಲ್ಲಿ ಕಂಡುಹಿಡಿದ ಶೋಧವಿಧಾನವು, ಕ್ರಮವಿಲ್ಲದೆ ಇಟ್ಟ ಹತ್ತು ಲಕ್ಷ ವಸ್ತುಗಳಲ್ಲಿ ಒಂದನ್ನು ಸರಾಸರಿ ಐದು ಲಕ್ಷ ಸಲ ಹುಡುಕುವ ಬದಲು ಸುಮಾರು 785 ಸಲಕ್ಕೆ ಕಂಡುಕೊಳ್ಳುತ್ತದೆ.

ಗ್ರೋವರ್ ಅವರ ಲೆಕ್ಕದ ವಿಚಾರ ಬಂದುದರಿಂದ, ಪ್ರಕೃತವಲ್ಲದಿದ್ದರೂ ಒಂದು ಮಾತನ್ನು ಹೇಳದಿರಲು ಮನಸ್ಸಾಗುವುದಿಲ್ಲ. ಆ ವಿಧಾನದಲ್ಲಿ ಒಂದು ಸಲ ಕೇಳಿದರೆ ನಾಲ್ಕು ವಸ್ತುಗಳಲ್ಲಿ ಒಂದನ್ನು ನಿಶ್ಚಯವಾಗಿ ಗುರುತಿಸಬಹುದು; ಮೂರು ಸಲ ಕೇಳಿದರೆ ಸುಮಾರು ಇಪ್ಪತ್ತರಲ್ಲಿ ಒಂದನ್ನು. ಜೀವಕೋಶದ ಡಿಎನ್‌ಎ ಲಿಪಿಯಲ್ಲಿ ಅಕ್ಷರಗಳು ನಾಲ್ಕು. ಮೂರಕ್ಷರದ ಪದಗಳು ಸೂಚಿಸುವ ಅಮೈನೋ ಆಮ್ಲಗಳು ಇಪ್ಪತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಪೂರ್ವ ಪಟೇಲ್ ಅವರು ಈ ಹೊಂದಿಕೆಯನ್ನು ಗಮನಿಸಿ, ಜೀವವು ಆದಿಯಲ್ಲಿ ಇಂಥ ಶೋಧವಿಧಾನವನ್ನು ಬಳಸಿರಬಹುದೇ ಎಂಬ ಪ್ರಶ್ನೆಯನ್ನು ಎತ್ತಿದರು. ಅದು ಸಿದ್ಧವಾದ ಸಂಗತಿಯಲ್ಲ, ಊಹೆ. ಆದರೆ ಸಂಶೋಧಕನ ಮನಸ್ಸು ಎಷ್ಟು ದೂರ ಸಂಚರಿಸಬಲ್ಲದೆಂಬುದಕ್ಕೆ ಇದಕ್ಕಿಂತ ರಮ್ಯವಾದ ದೃಷ್ಟಾಂತ ದೊರೆಯದು.

ಗಣಕಕ್ಕೇ ಮರಳುವುದಾದರೆ, ಕ್ವಾಂಟಂ ಯಂತ್ರವನ್ನು ಕಟ್ಟುವುದು ಇಷ್ಟು ಕಷ್ಟವೇಕೆ? ಉತ್ತರವು ತೂಗಾಡುವ ಆ ಸೀಳಿನಲ್ಲಿಯೇ ಇದೆ. ಕ್ಯೂಬಿಟ್ಟಿನ ಸುತ್ತಲಿನ ಪ್ರತಿಯೊಂದು ಪರಮಾಣುವೂ, ಅಲೆದಾಡುವ ಪ್ರತಿಯೊಂದು ಬೆಳಕಿನ ಕಣವೂ, ಉಷ್ಣದ ಪ್ರತಿಯೊಂದು ಕಂಪನವೂ ಅಲುಗುವ ಸೀಳಿನಂತೆ ವರ್ತಿಸಿ, ಕ್ಯೂಬಿಟ್ಟು ಸೊನ್ನೆಯಲ್ಲಿತ್ತೇ ಒಂದರಲ್ಲಿತ್ತೇ ಎಂಬುದಕ್ಕೆ ತುಸುತುಸುವೇ ಸಾಕ್ಷಿಯಾಗತೊಡಗುತ್ತದೆ. ಸಾಕ್ಷ್ಯ ಬೆಳೆದಷ್ಟೂ ವ್ಯತಿಕರಣ ಅಳಿಯುತ್ತದೆ, ವ್ಯತಿಕರಣ ಅಳಿದರೆ ಗಣನವೂ ಅಳಿಯಿತು. ಅತಿವಾಹಕ ವಿದ್ಯುನ್ಮಂಡಲಗಳಿಂದ ಮಾಡಿದ ಕ್ಯೂಬಿಟ್‌ಗಳನ್ನು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಕೆಲವೇ ಶತಾಂಶಗಳಷ್ಟು ಮೇಲಿನ ಶೈತ್ಯದಲ್ಲಿ ಇರಿಸುವುದು, ಸುತ್ತಣ ಲೋಕವು ಅವುಗಳ ಗುಟ್ಟನ್ನು ತಿಳಿಯದಿರಲೆಂದೇ. ಬೆಂಗಳೂರಿನ ಕ್ಯುಪಿಎಐ ಕಂಪನಿಯು 2025ರಲ್ಲಿ ಪ್ರಕಟಪಡಿಸಿದ 25 ಕ್ಯೂಬಿಟ್‌ಗಳ ಯಂತ್ರವಾಗಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ರೂಪುಗೊಂಡ ಚಿಕ್ಕ ಯಂತ್ರವಾಗಲಿ ಹೋರಾಡುತ್ತಿರುವುದು ಈ ಸಾಕ್ಷ್ಯದೊಡನೆ. ಆದುದರಿಂದ ಗೋವೆಯ ಸಿದ್ಧಾಂತಿಯ ಕಾಗದವೂ ಬೆಂಗಳೂರಿನ ಪ್ರಯೋಗಶಾಲೆಯ ಶೈತ್ಯಯಂತ್ರವೂ ಒಂದೇ ಸಮಸ್ಯೆಯ ಎರಡು ದಡಗಳೆಂದು ನಾನು ಭಾವಿಸುತ್ತೇನೆ. ಮೂಲಭೂತ ಪ್ರಶ್ನೆಗಳ ಚಿಂತನೆ ವ್ಯಾಸಂಗವಿಲಾಸವೆಂದೂ ಯಂತ್ರನಿರ್ಮಾಣವೊಂದೇ ಉಪಯುಕ್ತವೆಂದೂ ಹೇಳುವವರು ಈ ಸಂಬಂಧವನ್ನು ಕಾಣದವರು.

ಒಂದೆಡೆ ಶತ್ರುವಾದ ಈ ಸಾಕ್ಷ್ಯವೇ ಮತ್ತೊಂದೆಡೆ ಕಾವಲುಗಾರನಾಗುತ್ತದೆ. 1984ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅಮೆರಿಕೆಯ ಚಾರ್ಲ್ಸ್ ಬೆನೆಟ್ ಮತ್ತು ಕೆನಡಾದ ಜಿಲ್ ಬ್ರಾಸಾರ್ ಅವರ ಹೆಸರಿನಲ್ಲಿ ಮಂಡಿತವಾದ ಐದು ಪುಟಗಳ ಪ್ರಬಂಧವು ಇಂದು ಈ ಶಾಸ್ತ್ರದ ಮೂಲಗ್ರಂಥಗಳಲ್ಲಿ ಒಂದು. ಗೂಢಲಿಪಿಯ ಕೀಲಿಯನ್ನು ಬೆಳಕಿನ ಕಣಗಳ ಧ್ರುವೀಕರಣದಲ್ಲಿ ಅಡಗಿಸಿ ಕಳಿಸಿದರೆ, ನಡುವೆ ಕದ್ದು ನೋಡುವವನು ಆ ಕಣಗಳ ಸ್ಥಿತಿಯನ್ನು ಕೆಡಿಸದೆ ನೋಡಲಾರ. ಪ್ರತಿ ಕಣವನ್ನೂ ಆತ ಅಳೆದು ಮುಂದಕ್ಕೆ ಬಿಟ್ಟರೆ, ಕೀಲಿ ಕಳಿಸಿದವನೂ ಪಡೆದವನೂ ಉಳಿಸಿಕೊಂಡ ಅಂಕೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ತಾಳೆಯಾಗದೆ ಕಳ್ಳತನ ಬಯಲಾಗುತ್ತದೆ. ಈ ವಿಚಾರವು ಜಗತ್ತಿಗೆ ಮೊದಲು ವಿಸ್ತಾರವಾಗಿ ತಿಳಿದದ್ದು ಬೆಂಗಳೂರಿನ ಸಭೆಯೊಂದರ ಕಲಾಪಸಂಪುಟದಿಂದ ಎಂಬುದನ್ನು ನಮ್ಮ ಕನ್ನಡದ ಶಾಲೆಗಳಲ್ಲಿ ಹೇಳಿಕೊಡಬೇಕು. ಅದಾದ ಮೂವತ್ತೇಳನೆಯ ವರ್ಷದಲ್ಲಿ, ಅಂದರೆ 2021ರಲ್ಲಿ, ಅದೇ ನಗರದ ರಾಮನ್ ಸಂಶೋಧನ ಸಂಸ್ಥೆಯ ಊರ್ಬಸಿ ಸಿನ್ಹಾ ಅವರ ತಂಡವು ಎರಡು ಕಟ್ಟಡಗಳ ನಡುವೆ ಬಯಲು ಗಾಳಿಯಲ್ಲಿ ಇಂಥ ಕ್ವಾಂಟಂ ಸಂವಹನವನ್ನು ನಡೆಸಿ ತೋರಿಸಿತು. ಅದೇ ವರ್ಷ ಇಸ್ರೊ ಸಂಸ್ಥೆಯು ಅಹಮದಾಬಾದಿನಲ್ಲಿ 300 ಮೀಟರುಗಳ ದೂರಕ್ಕೆ ಅದನ್ನು ಸಾಧಿಸಿತು.

ಇನ್ನು ಈ ಕ್ಷೇತ್ರದಲ್ಲಿ ಉನ್ನತ ವ್ಯಾಸಂಗ ಮಾಡಬೇಕೆಂದಿರುವ ತರುಣ ತರುಣಿಯರ ವಿಚಾರ. ಅವರ ತಂದೆತಾಯಿಗಳು ಕೇಳುವ ಮೊದಲ ಪ್ರಶ್ನೆ, ಇದಕ್ಕೆ ಯಾವ ಪದವಿ ಓದಬೇಕು ಎಂಬುದು. ಬಿಟ್ಸ್ ಸಂಸ್ಥೆಯ ಗೋವಾ ವಿದ್ಯಾಲಯದಲ್ಲಿ ಭೌತವಿಜ್ಞಾನದ ಎಂಎಸ್ಸಿಯೊಡನೆ ಎಂಜಿನಿಯರಿಂಗ್ ಪದವಿಯನ್ನೂ ಐದು ವರ್ಷಗಳಲ್ಲಿ ಪಡೆಯುವ ಜೋಡಿಪದವಿಯ ಕ್ರಮವುಂಟು. ತಾಳೆಗಾಂವ್ ಪ್ರಸ್ಥಭೂಮಿಯ ಮೇಲೆ 1985ರಲ್ಲಿ ಸ್ಥಾಪಿತವಾದ ಗೋವಾ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿಯೂ ಪಿಎಚ್‌ಡಿಯೂ ಇವೆ. 2016ರಲ್ಲಿ ಐಐಟಿಯೊಂದೂ ಗೋವೆಗೆ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2021ರಲ್ಲಿ ಕ್ವಾಂಟಂ ತಂತ್ರಜ್ಞಾನಕ್ಕೆಂದೇ ಎಂಟೆಕ್ ತರಗತಿಯನ್ನು ತೆರೆಯಿತು. 2023ರ ಏಪ್ರಿಲಿನಲ್ಲಿ ಕೇಂದ್ರ ಸರಕಾರವು 6003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ ಒಪ್ಪಿಗೆಯಿತ್ತು, 2031ರೊಳಗೆ 50ರಿಂದ 1000 ಕ್ಯೂಬಿಟ್‌ಗಳವರೆಗಿನ ಯಂತ್ರಗಳನ್ನು ಗುರಿಯಾಗಿಟ್ಟುಕೊಂಡಿದೆ. ಅದರ ನಾಲ್ಕು ಕೇಂದ್ರಗಳಲ್ಲಿ ಗಣಕಕ್ಕೆ ಮೀಸಲಾದದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಪಿಎಚ್‌ಡಿ ಬಯಸುವವರು ನೆಟ್, ಗೇಟ್, ಜೆಸ್ಟ್ ಪರೀಕ್ಷೆಗಳ ಬಾಗಿಲುಗಳಿಂದ ಪ್ರವೇಶಿಸುತ್ತಾರೆ. ನೆಟ್ ಪರೀಕ್ಷೆಯಿಂದ ಜೆಆರ್‌ಎಫ್ ಎಂಬ ಸಂಶೋಧನವೃತ್ತಿಯನ್ನು ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿಗಳ ವೇತನ ನಿಗದಿಯಾಗಿದೆ. ಕೂಲಿ ಮಾಡಿ ಮಕ್ಕಳನ್ನು ಓದಿಸುವ ಮನೆಗೆ ಈ ಅಂಕೆ ಗೊತ್ತಿರುವುದು ಒಳ್ಳೆಯದು. ಸಂಶೋಧನೆಯೆಂದರೆ ಉಳ್ಳವರ ಮಕ್ಕಳ ಹವ್ಯಾಸವೆಂಬ ಭ್ರಮೆ ಅದರಿಂದ ಹರಿಯಬಹುದು.

ಆದರೆ ಪದವಿಯ ಹೆಸರಿಗಿಂತ ಮುಖ್ಯವಾದದ್ದು ಕಲಿಕೆಯ ಕ್ರಮ. ಅಮೆರಿಕೆಯ ಐಬಿಎಂ ಕಂಪನಿಯು 2016ರಲ್ಲಿ ತನ್ನ ಐದು ಕ್ಯೂಬಿಟ್‌ಗಳ ಯಂತ್ರವನ್ನು ಅಂತರ್ಜಾಲದ ಮೂಲಕ ಸರ್ವರಿಗೂ ತೆರೆದಿಟ್ಟಂದಿನಿಂದ, ಯಾವ ಊರಿನಲ್ಲಿ ಕುಳಿತವರೂ ಕ್ಯೂಬಿಟ್‌ಗಳ ಮೇಲಿನ ಮೂಲಕ್ರಿಯೆಗಳಾದ ಮೂರು ನಾಲ್ಕು ಗೇಟುಗಳನ್ನು ಜೋಡಿಸಿ ಫಲಿತಾಂಶವನ್ನು ನೋಡುವುದು ಸುಲಭವಾಗಿದೆ. ಅದು ಕುತೂಹಲವನ್ನು ಕೆರಳಿಸುತ್ತದೆಂಬುದು ನಿಜ, ವಿದ್ಯೆಯನ್ನು ಕೊಡುವುದಿಲ್ಲ. ಸದಿಶ, ಮಾತೃಕೆ, ಸಂಮಿಶ್ರ ಸಂಖ್ಯೆ ಇವುಗಳಲ್ಲಿ ಕೈ ಪಳಗದವರಿಗೆ ಕ್ಯೂಬಿಟ್ಟು ಕಥೆಯಾಗಿಯೇ ಉಳಿಯುತ್ತದೆ. ಗೋವೆಯ ಕೊಸ್ಬೆಂ ಗ್ರಾಮದಲ್ಲಿ 1907ರಲ್ಲಿ ಹುಟ್ಟಿದ, ಇತಿಹಾಸಕಾರರೆಂದೇ ಹೆಚ್ಚು ಜನರಿಗೆ ಪರಿಚಿತರಾದ ಡಿ. ಡಿ. ಕೋಸಂಬಿಯವರು 1943ರಲ್ಲಿ ಬರೆದ ಗಣಿತಪ್ರಬಂಧವೊಂದರಲ್ಲಿ, ಯಾದೃಚ್ಛಿಕವಾಗಿ ಏರಿಳಿಯುವ ಒಂದು ವಕ್ರರೇಖೆಯನ್ನು ಪರಸ್ಪರ ಲಂಬವಾದ ಘಟಕಗಳ ಮೊತ್ತವಾಗಿ ಬಿಡಿಸುವ ಬಗೆಯನ್ನು ತೋರಿಸಿದ್ದರು. ಕ್ವಾಂಟಂ ಸ್ಥಿತಿಯೊಂದನ್ನು ಅದರ ಮೂಲಸ್ಥಿತಿಗಳಾಗಿ ಬಿಡಿಸುವಾಗ ವಿದ್ಯಾರ್ಥಿಯು ಕೈಯಾಡಿಸುವುದು ಅದೇ ಜಾತಿಯ ಗಣಿತದಲ್ಲಿ. ಆ ಗಣಿತವನ್ನು ಬಿಎಸ್ಸಿಯಲ್ಲಿಯೇ ಮನಸ್ಸಿಟ್ಟು ಕಲಿತವನಿಗೆ ಮುಂದಿನ ದಾರಿ ಅರ್ಧ ಸವೆದಂತೆ.

ಸಂಶೋಧನ ವಿದ್ಯಾರ್ಥಿಯಾಗಿ ಸೇರಿದ ಮೇಲೆ ಮೊದಲ ವರ್ಷವು ಸಾಮಾನ್ಯವಾಗಿ ಕೋರ್ಸ್‌ವರ್ಕ್ ಮತ್ತು ಅರ್ಹತಾ ಪರೀಕ್ಷೆಗಳಲ್ಲಿ ಕಳೆಯುತ್ತದೆ. ಆಮೇಲೆ ಬರುವುದು ನಿಜವಾದ ಕಷ್ಟ: ಸಮಸ್ಯೆಯನ್ನು ಆರಿಸಿಕೊಳ್ಳುವುದು. ಗೈಡ್ ಸೂಚಿಸಿದ ಸಮಸ್ಯೆಯನ್ನು ತಿಂಗಳುಗಟ್ಟಲೆ ಲೆಕ್ಕ ಹಾಕಿದ ಮೇಲೆ ಅದು ಆಗಲೇ ಬೇರೆಯವರು ಬಿಡಿಸಿದ್ದೆಂದು ತಿಳಿಯುವುದುಂಟು. ಬಿಡಿಸಲಾಗದ್ದೆಂದು ತಿಳಿಯುವುದೂ ಉಂಟು. ಪ್ರಯೋಗದತ್ತ ಒಲವಿರುವವರು ಶೈತ್ಯಯಂತ್ರವೂ ಲೇಸರ್ ಮೇಜೂ ಇರುವಲ್ಲಿಗೇ ಹೋಗಬೇಕಾಗುತ್ತದೆ, ಅದರಲ್ಲಿ ಆಯ್ಕೆಗೆ ಹೆಚ್ಚು ಅವಕಾಶವಿಲ್ಲ. ಸಿದ್ಧಾಂತದತ್ತ ಒಲವಿರುವವರಿಗಾದರೋ ಊರಿನ ನಿರ್ಬಂಧ ಕಡಿಮೆ. ಅವರಿಗೆ ಬೇಕಾದದ್ದು ಒಳ್ಳೆಯ ಗ್ರಂಥಭಂಡಾರ, ವಾರಕ್ಕೊಮ್ಮೆಯಾದರೂ ಎದುರು ಕುಳಿತು ತಪ್ಪನ್ನು ತೋರಿಸುವ ಗುರು, ಮತ್ತು ಒಂದು ಪ್ರಶ್ನೆಯೊಡನೆ ಬಹುಕಾಲ ಬಾಳುವ ತಾಳ್ಮೆ. ತೂಗಾಡುವ ಸೀಳಿನ ಪ್ರಬಂಧದಂಥದು ಗೋವೆ ದೆಹಲಿಗಳ ನಡುವಿನ ಸಹಯೋಗದಿಂದ ಹುಟ್ಟಿದ್ದು ಇದಕ್ಕೆ ನಿದರ್ಶನ.

ಅವರಿಗಾಗಿ ಕಾದಿರುವ ಕೆಲಸವಂತೂ ಹೇರಳವಾಗಿದೆ. ಸುತ್ತಣ ಲೋಕದ ಸಾಕ್ಷ್ಯದಿಂದ ಕ್ಯೂಬಿಟ್ಟನ್ನು ಪೂರ್ತಿಯಾಗಿ ಮರೆಮಾಡುವುದು ಆಗದ ಮಾತಾದುದರಿಂದ, ಶೋರ್ ಅವರು 1995ರಲ್ಲಿ ಮತ್ತೊಂದು ಉಪಾಯವನ್ನು ತೋರಿಸಿದರು: ಒಂದು ಕ್ಯೂಬಿಟ್ಟಿನ ಮಾಹಿತಿಯನ್ನು ಒಂಬತ್ತು ಕ್ಯೂಬಿಟ್‌ಗಳ ಹೆಣಿಗೆಯಲ್ಲಿ ಹರಡಿಬಿಟ್ಟರೆ, ಯಾವ ಒಂದು ಕ್ಯೂಬಿಟ್ಟನ್ನು ಲೋಕವು ಇಣುಕಿ ನೋಡಿದರೂ ಅದಕ್ಕೆ ಮಾಹಿತಿಯೇನೂ ದಕ್ಕದು, ದಕ್ಕದಿರುವ ಕಾರಣದಿಂದಲೇ ಆದ ಹಾನಿಯನ್ನು ಸರಿಪಡಿಸಬಹುದು. 2024ರ ಡಿಸೆಂಬರಿನಲ್ಲಿ ಗೂಗಲ್ ಸಂಸ್ಥೆಯವರು 105 ಕ್ಯೂಬಿಟ್‌ಗಳ ತಮ್ಮ ವಿಲೋ ಎಂಬ ಸಂಸ್ಕಾರಕದಲ್ಲಿ, ಇಂಥ ದೋಷನಿವಾರಕ ಹೆಣಿಗೆಯನ್ನು ಹಿರಿದು ಮಾಡಿದಂತೆಲ್ಲ ತಪ್ಪುಗಳು ಪ್ರತಿ ಹಂತದಲ್ಲಿಯೂ ಅರ್ಧಕ್ಕಿಂತ ಕೆಳಗೆ ಇಳಿಯುವುದನ್ನು ತೋರಿಸಿದ್ದಾರೆ. ಅಲ್ಲಿಂದ ಶೋರ್ ವಿಧಾನದಿಂದ ದೊಡ್ಡ ಸಂಖ್ಯೆಯೊಂದನ್ನು ಬಿಡಿಸುವಷ್ಟು ಸಮರ್ಥವಾದ ಯಂತ್ರದವರೆಗಿನ ದೂರವು ಇನ್ನೂ ಬಹಳ. ಇನ್ನೂ ಕಡಿಮೆ ಕ್ಯೂಬಿಟ್‌ಗಳಲ್ಲಿ ಅಷ್ಟೇ ರಕ್ಷಣೆ ಕೊಡುವ ಹೆಣಿಗೆಗಳು ಯಾವುವು, ದೋಷವನ್ನು ಅದು ಹರಡುವುದಕ್ಕೆ ಮುಂಚೆ ಗುರುತಿಸುವ ಶೀಘ್ರ ವಿಧಾನ ಯಾವುದು ಎಂಬ ಪ್ರಶ್ನೆಗಳು ಜುವಾರಿನಗರದ ತರಗತಿಯಲ್ಲಿ ಕುಳಿತವರಿಗೂ ಧಾರವಾಡದ ತರಗತಿಯಲ್ಲಿ ಕುಳಿತವರಿಗೂ ಒಂದೇ ರೀತಿಯಲ್ಲಿ ತೆರೆದಿವೆ.